ಗ್ರೀನ್ ಕಾರ್ಡ್ ವಾಪಸ್ ಕೊಟ್ಟ ಮೇಲೆ ಕೈಯಲ್ಲಿ ಉಳಿಯೋದೇನು?

ಮೊನ್ನೆ ರಾತ್ರಿ ಒಂಬತ್ತರ ಬುಲೆಟಿನ್ ಮುಗಿಸಿ ಮೇಕಪ್ ಒರೆಸಿಕೊಳ್ತಾ ಕೂತಿದ್ದೆ. ನ್ಯೂಜೆರ್ಸಿಯಿಂದ ನನ್ನ ದೊಡ್ಡಮ್ಮನ ಮಗನ ಫೋನು. ಹಲೋ ಗಿಲೋ ಏನೂ ಇಲ್ಲ. "ನಾಡಿದ್ದು ಅಮ್ಮನ ಓತ್ ಸೆರೆಮನಿ ಕಣೋ. ಗ್ರೀನ್ ಕಾರ್ಡೇ ಸಿಗ್ತಿಲ್ಲ" ಅಂದ.

ದೊಡ್ಡಮ್ಮನಿಗೆ ಈಗ 74. ತಿಪಟೂರು ಕಡೆಯವರು. ಮಗನ ಮನೆ ಸೇರಿ 16 ವರ್ಷ. ಇಂಗ್ಲಿಷ್ ಬರಲ್ಲ. ಆದರೂ ಪೌರತ್ವದ ಸಂದರ್ಶನ ಪಾಸು ಮಾಡಿದ್ದಾರೆ, ಅದೂ ಕನ್ನಡದಲ್ಲಿ! ನಿಮಗೆ ಗೊತ್ತಿರಲಿಕ್ಕಿಲ್ಲ, 55 ದಾಟಿದವರು, ಗ್ರೀನ್ ಕಾರ್ಡ್ ಸಿಕ್ಕ ಮೇಲೆ 15 ವರ್ಷ ಅಲ್ಲೇ ಬಾಳಿದವರು, ಅಮೆರಿಕದ ಇತಿಹಾಸ ಮತ್ತು ಸರ್ಕಾರದ ಬಗೆಗಿನ ಪ್ರಶ್ನೆಗಳಿಗೆ ದುಭಾಷಿ ಇಟ್ಟುಕೊಂಡು ತಮ್ಮ ಭಾಷೆಯಲ್ಲೇ ಉತ್ತರ ಕೊಡಬಹುದು. ಅಷ್ಟೆಲ್ಲ ಗೆದ್ದ ಹೆಂಗಸು ಕಾರ್ಡ್ ಎಲ್ಲಿಟ್ಟೆ ಅನ್ನೋದನ್ನ ಮರೆತಿದ್ದರು. "ಭದ್ರವಾಗಿ ಇಟ್ಟಿದೀನಪ್ಪ" ಅಂತ ಮಾತ್ರ ಹೇಳ್ತಿದ್ದರಂತೆ. ನಮ್ಮ ಮನೆಗಳಲ್ಲಿ ಈ ಮಾತಿಗೆ ಏನರ್ಥ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ನಾಲ್ಕು ಗಂಟೆ ಹುಡುಕಿದ ಮೇಲೆ ಸಿಕ್ಕಿತು. ಎಲ್ಲಿ? ಸತ್ಯನಾರಾಯಣ ಪೂಜೆಯ ಪುಸ್ತಕದ ನಡುವೆ.

ಇದೆಲ್ಲ ನಮಗ್ಯಾಕೆ ಸ್ವಾಮಿ ಅಂತ ಕೇಳಬಹುದು. 2023ರ ಆರ್ಥಿಕ ವರ್ಷ ಒಂದರಲ್ಲೇ ಸುಮಾರು 59 ಸಾವಿರ ಭಾರತೀಯರು ಅಮೆರಿಕದ ಪೌರರಾದರು. ಅವರಲ್ಲಿ ಎಷ್ಟೋ ಜನರ ಅಪ್ಪ ಅಮ್ಮ ದಾವಣಗೆರೆಯಲ್ಲಿ, ಮಂಡ್ಯದಲ್ಲಿ, ಪುತ್ತೂರಲ್ಲಿ ಕೂತು ಈ ಕಾರ್ಯಕ್ರಮ ನೋಡ್ತಿದ್ದೀರಿ. ಮಗನ ಹಳೇ ಮಾರ್ಕ್ಸ್ ಕಾರ್ಡು ನಿಮ್ಮ ಬೀರುವಿನಲ್ಲೇ ಇದೆ. ಹಾಗಾಗಿ ಇದು ನಿಮ್ಮ ವಿಷಯವೂ ಹೌದು.

ಮೊದಲು ಆ ದಿನ ಏನಾಗುತ್ತೆ ಅಂತ ನೋಡೋಣ. ಸಂದರ್ಶನ ಪಾಸಾದ ಮಾತ್ರಕ್ಕೆ ಯಾರೂ ಅಮೆರಿಕನ್ ಆಗಲ್ಲ. ಪ್ರಮಾಣವಚನ ಸ್ವೀಕರಿಸಿದ ಮೇಲೇ ಆಗೋದು. ಕೆಲವರಿಗೆ ಅದೇ ದಿನ ನಡೆದುಹೋಗುತ್ತೆ, ಉಳಿದವರಿಗೆ ಎನ್-445 ಅನ್ನೋ ನೋಟಿಸ್ ಬರುತ್ತೆ. ದಿನ, ಜಾಗ, ಸಮಯ ಅದರಲ್ಲಿರುತ್ತೆ. ಜೊತೆಗೆ ಒಂದಷ್ಟು ಪ್ರಶ್ನೆ: ಸಂದರ್ಶನ ಆದ ಮೇಲೆ ದೇಶ ಬಿಟ್ಟು ಹೋಗಿದ್ದಿರಾ? ಮದುವೆ ಆಯ್ತಾ? ವಿಚ್ಛೇದನ ಆಯ್ತಾ? ಪೊಲೀಸರು ಹಿಡಿದಿದ್ದರಾ? ಇವಕ್ಕೆ ಆ ದಿನದ ಸತ್ಯವನ್ನೇ ಬರೆಯಬೇಕು. ಗ್ರೀನ್ ಕಾರ್ಡನ್ನ ವಾಪಸ್ ಕೊಡಬೇಕು. ವಿದೇಶ ಪ್ರಯಾಣಕ್ಕೆ ಅಂತ ವಲಸೆ ಇಲಾಖೆ ಕೊಟ್ಟ ರೀ-ಎಂಟ್ರಿ ಪರ್ಮಿಟ್ ಇದ್ದರೆ ಅದನ್ನೂ ಕೊಡಬೇಕು. ಕಾರ್ಡ್ ನಿಜಕ್ಕೂ ಕಳೆದಿದ್ದರೆ ಸಂದರ್ಶನದ ದಿನವೇ ಹೇಳಬೇಕು, ಹುಡುಕಾಡಿದ್ದಕ್ಕೆ ಪುರಾವೆ ತೋರಿಸಬೇಕು. ಕೊನೇ ಗಳಿಗೆಯಲ್ಲಿ ಬಾಗಿಲ ಹತ್ತಿರ ನಿಂತು ತಲೆ ಕೆರೆದುಕೊಂಡರೆ ಕಷ್ಟ.

ಭಾರತದ ಪಾಸ್‌ಪೋರ್ಟ್ ಅವರು ಕಿತ್ತುಕೊಳ್ಳಲ್ಲ. ಆದರೆ ನಮ್ಮ ಕಾನೂನು ಸುಮ್ಮನಿರುತ್ತಾ? 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕ್ಷಣಕ್ಕೇ ಭಾರತದ ಪೌರತ್ವ ಮುಗೀತು. ಪಾಸ್‌ಪೋರ್ಟ್ ಇನ್ನೂ ಎಂಟು ವರ್ಷ ಚಾಲ್ತಿ ಅಂತ ಅಚ್ಚಾಗಿದ್ದರೂ ಅದರಲ್ಲಿ ಪ್ರಯಾಣ ಮಾಡುವಂತಿಲ್ಲ. ಮಾಡಿದರೆ ದಂಡ.

ಈಗ ಲೆಕ್ಕ ಹಾಕಿ. ಬೆಳಿಗ್ಗೆ ಮನೆ ಬಿಡುವಾಗ ದೊಡ್ಡಮ್ಮನ ಕೈಯಲ್ಲಿ ಗ್ರೀನ್ ಕಾರ್ಡ್ ಇತ್ತು, ಭಾರತದ ಪಾಸ್‌ಪೋರ್ಟ್ ಇತ್ತು. ಮಧ್ಯಾಹ್ನ ಮನೆಗೆ ಬರುವಾಗ ಒಂದು ಹಾಳೆ. ನ್ಯಾಚುರಲೈಸೇಷನ್ ಸರ್ಟಿಫಿಕೇಟ್. ಅಷ್ಟೇ! ಅಮೆರಿಕದ ಪಾಸ್‌ಪೋರ್ಟಿಗೆ ಅರ್ಜಿ ಹಾಕಬೇಕಾದರೆ ಆ ಮೂಲ ಹಾಳೆಯನ್ನೇ ಅರ್ಜಿ ಜೊತೆ ಕೊಟ್ಟುಬಿಡಬೇಕು. ಪಾಸ್‌ಪೋರ್ಟ್ ಒಂದು ಲಕೋಟೆಯಲ್ಲಿ, ಸರ್ಟಿಫಿಕೇಟ್ ಇನ್ನೊಂದು ಲಕೋಟೆಯಲ್ಲಿ, ಬೇರೆ ಬೇರೆ ದಿನ ವಾಪಸ್ ಬರಬಹುದು. ಅಂದರೆ ಒಂದೆರಡು ವಾರವೋ, ಇನ್ನೂ ಹೆಚ್ಚೋ, ನೀವು ಯಾವ ದೇಶದವರು ಅಂತ ತೋರಿಸೋಕೆ ಮನೆಯಲ್ಲಿ ಜೆರಾಕ್ಸ್ ಬಿಟ್ಟು ಏನೂ ಇರಲ್ಲ. ಆ ಜೆರಾಕ್ಸೂ ಇರೋದು ನೀವು ಮಾಡಿಸಿಟ್ಟಿದ್ದರೆ ಮಾತ್ರ.

ಪೌರತ್ವ ಸಿಕ್ಕ ದಿನವೇ ಕೈ ಅತ್ಯಂತ ಬರಿದಾಗಿರುವ ದಿನ. ಹೂಗುಚ್ಛ ಹಿಡಿದು ಫೋಟೋ ತೆಗೆಸಿಕೊಳ್ಳೋರಿಗೆ ಇದು ಹೊಳೆಯಲ್ಲ.

ಆ ನಡುವಿನ ವಾರಗಳಲ್ಲೇ ಊರಿಂದ ಫೋನ್ ಬಂದರೆ? ಅಣ್ಣನಿಗೆ ಹಾರ್ಟ್ ಅಟ್ಯಾಕ್, ಬೇಗ ಬಾ ಅಂದರೆ? ಹಳೇ ಪಾಸ್‌ಪೋರ್ಟಲ್ಲಿ ಹತ್ತುವಂತಿಲ್ಲ, ಹೊಸದು ಬಂದಿಲ್ಲ, ಅದು ಬರದೇ ಭಾರತದ ವೀಸಾ ಇಲ್ಲ. ತುರ್ತು ಪ್ರಯಾಣಕ್ಕೆ ಅಲ್ಲಿನ ಪಾಸ್‌ಪೋರ್ಟ್ ಏಜೆನ್ಸಿಯಲ್ಲಿ ಅಪಾಯಿಂಟ್‌ಮೆಂಟ್ ಪಡೆಯುವ ದಾರಿ ಇದೆ ನಿಜ. ಆದರೆ ಅಲ್ಲೂ ಮೂಲ ಸರ್ಟಿಫಿಕೇಟ್ ಬೇಕು. ಹಾಗಾಗಿ ಊರಲ್ಲಿ ವಯಸ್ಸಾದವರು ಹಾಸಿಗೆ ಹಿಡಿದಿದ್ದರೆ, ಓತ್ ಆದ ವಾರವೇ ಪಾಸ್‌ಪೋರ್ಟಿಗೆ ಅರ್ಜಿ ಹಾಕಿ, ಬೇಗ ಬರುವ ದರವನ್ನೇ ಕಟ್ಟಿ. ಅದರಲ್ಲಿ ಕಂಜೂಸುತನ ಬೇಡ.

ನಕಲಿನ ವಿಷಯಕ್ಕೆ ಬರ್ತೀನಿ. ಗ್ರೀನ್ ಕಾರ್ಡ್ ಕೊಡುವ ಮೊದಲು ಎರಡೂ ಬದಿ ಸ್ಕ್ಯಾನ್ ಮಾಡಿ. ಅದರ ಮೇಲೆ 'ಎ' ಅಕ್ಷರದಿಂದ ಶುರುವಾಗುವ ಏಲಿಯನ್ ನಂಬರ್ ಇರುತ್ತೆ, ಕಾಯಂ ನಿವಾಸಿ ಆದ ದಿನಾಂಕ ಇರುತ್ತೆ. ಮುಂದೆ ಯಾವುದಾದರೂ ಅರ್ಜಿಯಲ್ಲಿ ಅದನ್ನ ಕೇಳಿದಾಗ ಕಾರ್ಡ್ ನಿಮ್ಮ ಹತ್ತಿರ ಇರಲ್ಲ. ಇನ್ನು ಸರ್ಟಿಫಿಕೇಟನ್ನ ಜೆರಾಕ್ಸ್ ಮಾಡೋಕೆ ತುಂಬ ಜನ ಹೆದರ್ತಾರೆ, ಕಾನೂನುಬದ್ಧ ಅಧಿಕಾರ ಇಲ್ಲದೆ ನಕಲು ಮಾಡಿದರೆ ಶಿಕ್ಷೆ ಅನ್ನೋ ಎಚ್ಚರಿಕೆ ಓದಿ. ಅದು ಮೋಸಕ್ಕೆ ನಕಲು ಮಾಡುವವರಿಗೆ. ಪಾಸ್‌ಪೋರ್ಟ್ ಅರ್ಜಿಯ ಜೊತೆ ಅದರ ಜೆರಾಕ್ಸ್ ಪ್ರತಿಯನ್ನ ಅಮೆರಿಕ ಸರ್ಕಾರವೇ ಕೇಳುತ್ತಲ್ಲ! ಲ್ಯಾಮಿನೇಷನ್ ಮಾತ್ರ ಬೇಡವೇ ಬೇಡ. ನಮ್ಮವರಿಗೆ ಕಾಗದ ಕಂಡರೆ ಪ್ಲಾಸ್ಟಿಕ್ ಹಾಕಿಸೋ ಚಟ. ಸೋಷಿಯಲ್ ಸೆಕ್ಯುರಿಟಿ ಕಾರ್ಡನ್ನ ಲ್ಯಾಮಿನೇಟ್ ಮಾಡಬೇಡಿ ಅಂತ ಆ ಕಚೇರಿಯೇ ಹೇಳುತ್ತೆ. ಇದಕ್ಕೂ ಅದೇ ಬುದ್ಧಿ ಇರಲಿ.

ಸರ್ಟಿಫಿಕೇಟ್ ಕೈಗೆ ಬಂದ ಕೂಡಲೇ, ಸಭಾಂಗಣ ಬಿಡುವ ಮೊದಲೇ, ಹೆಸರು, ಹುಟ್ಟಿದ ದಿನ, ಹಿಂದಿನ ದೇಶ ಎಲ್ಲ ಓದಿ. ತಪ್ಪಿದ್ದರೆ ಅಲ್ಲೇ ಹೇಳಿ. ಆಮೇಲೆ ಕಳೆದುಕೊಂಡರೆ ಎನ್-565 ಅರ್ಜಿ, ಐನೂರು ಡಾಲರಿಗೂ ಹೆಚ್ಚು ಶುಲ್ಕ, ಜೊತೆಗೆ ತಿಂಗಳುಗಟ್ಟಲೆ ಕಾಯೋದು.

ನಮ್ಮ ಹೆಸರುಗಳದ್ದಂತೂ ದೊಡ್ಡ ರಾಮಾಯಣ. ಊರಿಗೆ ಒಂದು ಅಕ್ಷರ, ಅಪ್ಪನಿಗೆ ಒಂದು ಅಕ್ಷರ, ಆಮೇಲೆ ನಮ್ಮ ಹೆಸರು. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಇನಿಷಿಯಲ್ ಹಿಂದೆ, ಪಾಸ್‌ಪೋರ್ಟಲ್ಲಿ ಅದು ಬಿಡಿಸಿಕೊಂಡು ಮುಂದೆ, ಮದುವೆ ಆದ ಮೇಲೆ ಗಂಡನ ಹೆಸರು. ಪಾಸ್‌ಪೋರ್ಟಿನಲ್ಲಿ ಎರಡು ಭಾಗ ಇಲ್ಲದಿದ್ದರೆ ಅಮೆರಿಕದ ವೀಸಾದಲ್ಲಿ 'ಎಫ್‌ಎನ್‌ಯು' ಅಂತ ಹಾಕ್ತಾರೆ, ಮೊದಲ ಹೆಸರು ಗೊತ್ತಿಲ್ಲ ಅಂತ ಅದರರ್ಥ. ಹೆತ್ತ ತಾಯಿ ಇಟ್ಟ ಹೆಸರಿಗೆ ಎಂಥ ಗೌರವ ನೋಡಿ! ಈ ಗೋಜಲು ಸಾಕು ಅಂತ ಕೆಲವರು ಪೌರತ್ವದ ಜೊತೆಗೇ ಹೆಸರು ಬದಲಿಸಿಕೊಳ್ತಾರೆ. ನ್ಯಾಯಾಲಯದಲ್ಲಿ ನಡೆಯುವ ಸಮಾರಂಭದಲ್ಲಿ ಅದಕ್ಕೆ ಅವಕಾಶ ಇದೆ. ಆದರೆ ಹೆಸರು ಬದಲಾದ ಆದೇಶದ ಕಾಗದವನ್ನ ಬಿಸಾಡಬೇಡಿ. ತಿಪಟೂರಿನ ಪಹಣಿಯಲ್ಲಿ ಇರುವ ಹೆಣ್ಣುಮಗಳು, ನ್ಯೂಜೆರ್ಸಿಯ ಸರ್ಟಿಫಿಕೇಟಿನಲ್ಲಿ ಇರುವ ಮಹಿಳೆ, ಇಬ್ಬರೂ ಒಬ್ಬರೇ ಅಂತ ಹೇಳೋದು ಅದೊಂದೇ ಹಾಳೆ. ಓಸಿಐ ಇರುವವರು ಇಲ್ಲಿ ಕೃಷಿ ಜಮೀನು ಕೊಳ್ಳುವಂತಿಲ್ಲ, ಆದರೆ ಪಿತ್ರಾರ್ಜಿತವಾಗಿ ಬಂದದ್ದನ್ನ ಪಡೆಯಬಹುದು. ಪಾಲು ಕೇಳುವ ದಿನ ತಹಶೀಲ್ದಾರರ ಮುಂದೆ 'ನಾನೇ ಆ ಮಗಳು' ಅಂದರೆ ಸಾಲದು.

ಓಸಿಐ ಅಂದೆನಲ್ಲ, ಅದಕ್ಕೆ ಮೊದಲು ಭಾರತದ ಪಾಸ್‌ಪೋರ್ಟನ್ನ ಕಾನ್ಸುಲೇಟಿನ ಮೂಲಕ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ಪಡೀಬೇಕು. ರದ್ದು ಅಂತ ಮುದ್ರೆ ಒತ್ತಿ ಪಾಸ್‌ಪೋರ್ಟನ್ನ ವಾಪಸ್ ಕೊಡ್ತಾರೆ. ರದ್ದಾಯ್ತಲ್ಲ, ಇನ್ನೇನು ಕೆಲಸ ಅಂತ ಕಸದ ಬುಟ್ಟಿಗೆ ಹಾಕಿದವರನ್ನ ನಾನೇ ಕಂಡಿದ್ದೀನಿ. ಭಾರತೀಯ ಪೌರನಾಗಿದ್ದವನ ಮಗ, ಮೊಮ್ಮಗ, ಮರಿಮಗನವರೆಗೆ ಓಸಿಐ ಕೇಳುವ ಅರ್ಹತೆ ಇದೆ. ಇನ್ನೂ ಹುಟ್ಟದ ಆ ಮರಿಮಗ ತೋರಿಸಬೇಕಾದದ್ದು ಇದೇ ತೂತು ಬಿದ್ದ ಪುಸ್ತಕವನ್ನ.

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. 2001ರ ಫೆಬ್ರವರಿ 27ರಿಂದ ಜಾರಿಯಲ್ಲಿರುವ ಕಾನೂನಿನಂತೆ, ಗ್ರೀನ್ ಕಾರ್ಡ್ ಇರುವ, 18 ತುಂಬದ, ಹೆತ್ತವರ ಜೊತೆಗೇ ಇರುವ ಮಗು, ಅಪ್ಪ ಅಥವಾ ಅಮ್ಮ ಪ್ರಮಾಣವಚನ ತೆಗೆದುಕೊಂಡ ಕ್ಷಣ ತಾನೂ ಪೌರ. ತಾನಾಗೇ. ಆದರೆ ಮಗುವಿಗೆ ಯಾರೂ ಸರ್ಟಿಫಿಕೇಟ್ ಕೊಡಲ್ಲ! ಪಾಸ್‌ಪೋರ್ಟ್ ಮಾಡಿಸಬೇಕು, ಇಲ್ಲವೇ ಎನ್-600 ಅರ್ಜಿ ಹಾಕಿ ಪೌರತ್ವದ ಪ್ರಮಾಣಪತ್ರ ಪಡೀಬೇಕು. ಎರಡೂ ಮಾಡದೆ ಬಿಟ್ಟರೆ, ಇಪ್ಪತ್ತು ವರ್ಷ ಆದ ಮೇಲೆ ಆ ಮಗು ಅಪ್ಪನ ಸರ್ಟಿಫಿಕೇಟು, ತನ್ನ ಹಳೇ ಗ್ರೀನ್ ಕಾರ್ಡು, ಹೆತ್ತವರ ಮದುವೆ ಪತ್ರ, ಒಟ್ಟಿಗೇ ಇದ್ದದ್ದಕ್ಕೆ ಶಾಲೆಯ ದಾಖಲೆ ಅಂತ ಅಲೆಯಬೇಕು. ಆ ಹೊತ್ತಿಗೆ ಅಪ್ಪ ಇರ್ತಾನೋ ಇಲ್ಲವೋ.

"ಸರ್ಕಾರದ ಕಂಪ್ಯೂಟರಲ್ಲಿ ಎಲ್ಲಾ ಇರುತ್ತಲ್ಲಾ?" ಅಂತ ನನ್ನ ದೊಡ್ಡಮ್ಮನ ಮಗ ಕೇಳಿದ. ಅವನಿಗೆ ಬ್ರಿಟನ್ನಿನ ಕಥೆ ಹೇಳಿದೆ, ನಿಮಗೂ ಹೇಳ್ತೀನಿ. 1948ರಲ್ಲಿ ಎಂಪೈರ್ ವಿಂಡ್‌ರಶ್ ಅನ್ನೋ ಹಡಗು ಕೆರಿಬಿಯನ್ ದ್ವೀಪಗಳ ಜನರನ್ನ ಹೊತ್ತು ಇಂಗ್ಲೆಂಡಿನ ಟಿಲ್‌ಬರಿಗೆ ಬಂತು. ಆಮೇಲೆ 1973ರವರೆಗೆ ಹಾಗೆ ಬಂದು ನೆಲೆಸಿದವರಿಗೆಲ್ಲ ಅಲ್ಲೇ ಇರುವ ಹಕ್ಕಿತ್ತು. ಎಷ್ಟೋ ಜನ ಅಪ್ಪ ಅಮ್ಮನ ಪಾಸ್‌ಪೋರ್ಟಲ್ಲಿ ಬಂದ ಮಕ್ಕಳು. ಕೈಯಲ್ಲಿ ಕಾಗದ ಇಲ್ಲ. ಅವರು ಬಂದಿಳಿದದ್ದಕ್ಕೆ ಗುರುತಾಗಿದ್ದ ಹಳೇ ಲ್ಯಾಂಡಿಂಗ್ ಕಾರ್ಡುಗಳನ್ನ 2010ರಲ್ಲಿ ಸರ್ಕಾರವೇ ನಾಶ ಮಾಡಿತು. ಮುಂದೆ ಕಾನೂನು ಬಿಗಿಯಾದಾಗ, ಐವತ್ತು ವರ್ಷ ಅಲ್ಲೇ ದುಡಿದು ತೆರಿಗೆ ಕಟ್ಟಿದವರಿಗೆ ವರ್ಷ ವರ್ಷದ ಪುರಾವೆ ತನ್ನಿ ಅಂದರು. ಕೆಲಸ ಹೋಯ್ತು, ಚಿಕಿತ್ಸೆ ನಿಂತಿತು, ಕೆಲವರನ್ನ ಬಂಧನದಲ್ಲಿಟ್ಟರು. ಕನಿಷ್ಠ 83 ಜನರನ್ನ ತಪ್ಪಾಗಿ ದೇಶದಿಂದ ಹೊರಗೆ ಹಾಕಿದ್ದರು ಅಂತ ಆಮೇಲೆ ಲೆಕ್ಕ ಸಿಕ್ಕಿತು. 2018ರಲ್ಲಿ ಪ್ರಧಾನಿ ತೆರೇಸಾ ಮೇ ಕ್ಷಮೆ ಕೇಳಿದರು. ಕ್ಷಮೆ ಕೇಳೋ ಹೊತ್ತಿಗೆ ಅವರಲ್ಲಿ ಕೆಲವರು ತೀರಿಹೋಗಿದ್ದರು.

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಎಲ್ಲಿಡಬೇಕು ಅಂತೀರಾ? ಮೂಲ ಕಾಗದ ಬೆಂಕಿ ತಡೆಯುವ ಪೆಟ್ಟಿಗೆಯಲ್ಲೋ ಬ್ಯಾಂಕ್ ಲಾಕರಿನಲ್ಲೋ ಇರಲಿ. ನಕಲು ಬೇರೆ ಊರಿನಲ್ಲಿರುವ ನಂಬಿಕಸ್ಥರ ಮನೆಯಲ್ಲಿರಲಿ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಸುತ್ತ ಬೆಂಕಿಗೆ ಸಾವಿರಾರು ಮನೆ ಸುಟ್ಟಾಗ, ಒಂದೇ ಬೀರುವಿನಲ್ಲಿ ಮೂಲವನ್ನೂ ನಕಲನ್ನೂ ಇಟ್ಟವರ ಪಾಡು ಊಹಿಸಿ. ಎಲ್ಲಕ್ಕಿಂತ ಮುಖ್ಯ, ಎಲ್ಲಿದೆ ಅಂತ ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರಬೇಕು. ಓತ್ ಆಗಿ ಹತ್ತು ದಿನ ಬಿಟ್ಟು ಸೋಷಿಯಲ್ ಸೆಕ್ಯುರಿಟಿ ಕಚೇರಿಗೆ ಹೋಗಿ ಅಲ್ಲಿನ ದಾಖಲೆಯಲ್ಲೂ ಪೌರತ್ವ ಬದಲಾಯಿಸಿಕೊಳ್ಳಿ. ವಯಸ್ಸಾದವರಂತೂ ಇದನ್ನ ಮುಂದಕ್ಕೆ ಹಾಕಬೇಡಿ.

ದೊಡ್ಡಮ್ಮನ ಸಮಾರಂಭ ಚೆನ್ನಾಗಿ ಆಯ್ತು. ರೇಷ್ಮೆ ಸೀರೆ ಉಟ್ಟು ಹೋಗಿದ್ದರಂತೆ. ಗ್ರೀನ್ ಕಾರ್ಡ್ ಕೊಡುವಾಗ "ಅದರಲ್ಲಿ ನನ್ನ ಫೋಟೋ ಚೆನ್ನಾಗಿತ್ತು" ಅಂತ ಗೊಣಗಿದರಂತೆ. ಸ್ಕ್ಯಾನ್ ಮಾಡಿಟ್ಟಿದ್ದೀನಮ್ಮ ಅಂತ ಮಗ ಸಮಾಧಾನ ಮಾಡಿದ. ಆ ರಾತ್ರಿ ಖುಷಿಗೆ ಸರ್ಟಿಫಿಕೇಟಿನ ಫೋಟೋ ತೆಗೆದು ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿಬಿಟ್ಟ, ಅದರ ನಂಬರ್ ಸಮೇತ, 63 ಜನರಿಗೆ. ಫೋನ್ ಮಾಡಿ ಬೈದು ಅಳಿಸಿಸಿದೆ.