ಉರಿಯುವ ಮನೆಯ ಹೆಂಚು ಕೀಳುವ ಮುನ್ನ

ದನದ ಕೊಟ್ಟಿಗೆಗೆ ಬೆಂಕಿ ಬಿದ್ದಾಗ ಊರವರು ಎರಡು ಕೆಲಸಕ್ಕೆ ಮುನ್ನುಗ್ಗುತ್ತಾರೆ. ಕೆಲವರು ಕೊಡ ಹಿಡಿದು ಬಾವಿಗೆ ಓಡುತ್ತಾರೆ; ಕೆಲವರು ಏಣಿ ಚಾಚಿ ಮಾಡಿನ ಹೆಂಚು ಕೀಳಹತ್ತುತ್ತಾರೆ. ಮೊದಲನೆಯದರಲ್ಲಿ ತಪ್ಪಿಲ್ಲ. ಎರಡನೆಯದರ ಬಗ್ಗೆ ಪರ್ವರಿ ಮತ್ತು ಸುತ್ತಲಿನ ಬಾರ್ದೇಸ ತಾಲೂಕಿನಲ್ಲಿ ನೆಲೆಸಿದ ನಮ್ಮ ಕನ್ನಡ ಬಾಂಧವರು ಸ್ವಲ್ಪ ವಿಚಾರ ಮಾಡಬೇಕು.

ಮಾಡಿಗೆ ಕಿಂಡಿ ಕೊರೆಯುವುದು ಅಗ್ನಿಶಾಮಕ ದಳದವರ ಹಳೆಯ ಕ್ರಮವೇ ಸರಿ. ಬಿಸಿ ಹೊಗೆ ಮೇಲೇರಿ ಮಾಡಿನಡಿಯಲ್ಲಿ ತುಂಬಿಕೊಳ್ಳುತ್ತದೆ. ಹೊರದಾರಿ ಇಲ್ಲದಿದ್ದರೆ ಕೆಳಗಿಳಿಯುತ್ತ ಮನುಷ್ಯನ ಮೂಗಿನ ಮಟ್ಟಕ್ಕೆ ಬರುತ್ತದೆ. ಎಷ್ಟೋ ಸಲ ಉರಿಗಿಂತ ಮೊದಲು ಕೊಲ್ಲುವುದು ಈ ಹೊಗೆಯೇ. ೨೦೨೫ರ ಡಿಸೆಂಬರ್ ೬ರ ರಾತ್ರಿ ಇದೇ ತಾಲೂಕಿನ ಅರ್ಪೋರಾದ ನೈಟ್‌ಕ್ಲಬ್ಬಿನ ಬೆಂಕಿಯಲ್ಲಿ ೨೫ ಜನ ತೀರಿಕೊಂಡರು. ಹೆಚ್ಚಿನವರು ಅಲ್ಲಿ ದುಡಿಯುತ್ತಿದ್ದವರು; ಬಹುಪಾಲು ಜನ ಸತ್ತದ್ದು ಉಸಿರುಗಟ್ಟಿ. (ನೆಲಮಾಳಿಗೆಗೆ ಮಾಡಿನ ಕಿಂಡಿ ಉಪಯೋಗಕ್ಕೆ ಬಾರದು, ಆ ಮಾತು ಬೇರೆ.) ಬಯಲುಸೀಮೆಯ ಮಾಳಿಗೆ ಮನೆಗಳಲ್ಲಿ ಹಿರಿಯರು ಬಿಟ್ಟ ಬೆಳಕಿಂಡಿ ಬೆಳಕಿಗೆ ಎಷ್ಟೋ ಒಲೆಯ ಹೊಗೆಗೂ ಅಷ್ಟೇ.

ಆದರೆ ಕಂದೀಲನ್ನು ನೆನೆಯಿರಿ. ಅದರ ಗಾಜಿನ ಮೇಲ್ಬಾಯಿ ಮುಚ್ಚಿದರೆ ದೀಪ ಮಂಕಾಗಿ ಆರುತ್ತದೆ. ತೆರೆದರೆ ಕೆಳಗಿನಿಂದ ಗಾಳಿ ಎಳೆದುಕೊಂಡು ಬೆಳಗುತ್ತದೆ. ಶಾಲೆಯಲ್ಲಿ ನಾವು ಮಕ್ಕಳಿಗೆ ತೋರಿಸುವ ಪ್ರಯೋಗವಿದು. ಬಾಗಿಲು ತೆರೆದ ಮನೆಯ ಮಾಡಿಗೆ ತೂತು ಬಿದ್ದರೆ ಇಡೀ ಮನೆಯೇ ಕಂದೀಲಾಗುತ್ತದೆ. ಹೊಗೆಯೆಂದರೆ ಅರೆಸುಟ್ಟ ಉರುವಲು; ಗಾಳಿ ಸಿಕ್ಕಿದೊಡನೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಅಮೇರಿಕೆಯಲ್ಲಿ ಪರೀಕ್ಷೆಗೆಂದೇ ಮನೆ ಕಟ್ಟಿ ಸುಟ್ಟು ನೋಡಿ, ಅದರ ಫಲವನ್ನು ೨೦೧೩ರಲ್ಲಿ ಪ್ರಕಟಿಸಿದರು. ೪ ಅಡಿಗೆ ೮ ಅಡಿಯ ಕಿಂಡಿ ಕೊರೆದರೂ ನೀರು ಹೊಡೆಯದಿದ್ದಾಗ ಉರಿ ತಗ್ಗಲಿಲ್ಲ, ಏರಿತು. ನೀರು ಬಿದ್ದ ಮೇಲೆ ಮಾತ್ರ ಅದೇ ಕಿಂಡಿ ಹೊಗೆಯನ್ನೂ ಬಿಸಿಯನ್ನೂ ಹೊರದೂಡಿತು. ನೀರಿನ ಕೊಳವೆ ಸಿದ್ಧವಾಗದೆ ಕಿಂಡಿ ಬೇಡ. ತೆರೆದರೂ ಉರಿಯ ನೇರ ನೆತ್ತಿಗೆ, ಮಾಡಿನ ಎತ್ತರದ ಕಡೆಗೆ ತೆರೆಯಬೇಕು. ದೂರದ ಮೂಲೆಯಲ್ಲಿ ಹೆಂಚು ತೆಗೆದರೆ ಉರಿಯನ್ನು ಆ ಕೋಣೆಗೂ ಕರೆದಂತೆ.

ಮಂಗಳೂರು ಹೆಂಚಿಗೆ ಕೊಡಲಿ ಬೇಕಿಲ್ಲ, ಕೈಯಿಂದಲೇ ಎತ್ತಬಹುದು. ಅಪಾಯವಿರುವುದು ಕಾಲಡಿಯಲ್ಲಿ. ರೀಪು ಪಕ್ಕಾಸುಗಳು ಒಳಗಿನಿಂದ ಸುಟ್ಟದ್ದು ಮೇಲೆ ನಿಂತವನಿಗೆ ಕಾಣದು. ಕಾಮಗಾರಿಯ ಕೂಲಿಕಾರರ ಬಿಡಾರಗಳಿಗೆ ಹೊದಿಸುವ ಸಿಮೆಂಟ್ ಶೀಟಂತೂ ಬಿಸಿಗೆ ಸಿಡಿದು ಚೂರಾಗುತ್ತದೆ; ಅದರ ಮೇಲೆ ಹತ್ತಲೇಬಾರದು.

ಆದ್ದರಿಂದ ಮಾಡಿನ ಕೆಲಸ ದಳದವರಿಗೇ ಇರಲಿ. ಮಂದಿಯನ್ನು ಹೊರಗೆ ಕರೆಯಿರಿ, ದನಗಳ ಕಣ್ಣಿ ಕೊಯ್ದು ಬಿಡಿ. ಎಲ್ಲರೂ ಬಂದರೆಂದು ಎಣಿಸಿ ಬಾಗಿಲು ಎಳೆದುಕೊಳ್ಳಿ. ೧೦೧ಕ್ಕೆ ಫೋನು ಮಾಡಿ. ದಳದವರು ಬಂದೊಡನೆ ಹುಲ್ಲು ಯಾವ ಅಟ್ಟದಲ್ಲಿದೆ, ಗ್ಯಾಸ್ ಸಿಲಿಂಡರ್ ಎಲ್ಲಿದೆ ಎಂದು ತಿಳಿಸಿ. ಉರಿ ಆರಿದ ಮೇಲೂ ಒತ್ತಿ ಕೂಡಿಟ್ಟ ಹುಲ್ಲಿನೊಳಗೆ ಕೆಂಡ ಉಳಿದಿರುತ್ತದೆ. ಕೊಕ್ಕೆಯಿಂದ ಎಳೆದು ಬಯಲಿನಲ್ಲಿ ತೆಳ್ಳಗೆ ಹರವಿ, ನೀರು ಸುರಿದು, ಮರುದಿನ ಮತ್ತೊಮ್ಮೆ ಕೆದಕಿ ನೋಡಿ.