ಹಿತ್ತಾಳೆಗೆ ಬಣ್ಣ ಕಚ್ಚುವಂತಾದ ಬಗೆ

ಹಿತ್ತಾಳೆಯ ಮೇಲೆ ನೇರವಾಗಿ ಬಳಿದ ಬಣ್ಣ ಬಹುಕಾಲ ನಿಲ್ಲುವುದಿಲ್ಲ. ತಾಮ್ರ ಮತ್ತು ಸತು ಬೆರೆತ ಈ ಲೋಹದ ತಗಡು ರೋಲರುಗಳ ನಡುವೆ ಹಾದು ನುಣುಪಾಗಿ ಬರುವುದರಿಂದ ಬಣ್ಣಕ್ಕೆ ಹಿಡಿತವೇ ಸಿಗದು. ಬೆರಳಿನ ಬೆವರು ತಾಗಿದರೆ ಮಂಕಾಗುತ್ತದೆ, ಆಮ್ಲದ ಪಸೆ ಉಳಿದರೆ ಹಸಿರು ಕಿಲುಬು ಕಟ್ಟುತ್ತದೆ. ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಂಥ ಕಡೆಗಳಲ್ಲಿ ಕಬ್ಬಿಣದ ಚೌಕಟ್ಟು, ಗೇಟುಗಳಿಗೆ ವಾಡಿಕೆಯಾಗಿ ಹೊಡೆಯುವ ರೆಡ್ ಆಕ್ಸೈಡ್ ಇಲ್ಲಿ ನೆರವಿಗೆ ಬಾರದು. ಅದು ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ತಡೆಯಲು ಹುಟ್ಟಿದ್ದು. ಹಿತ್ತಾಳೆಯ ಮೇಲಾದರೆ ಒಣಗಿದ ನಂತರವೂ ಉಗುರಿಗೆ ಎದ್ದುಬರುತ್ತದೆ.

ಹಿತ್ತಾಳೆಯ ಮೇಲೆ ಬೇರೊಂದು ಪದರ ನಿಲ್ಲಬೇಕಾದರೆ ಮೊದಲು ಅದರ ಮೈ ತೆರೆಯಬೇಕು ಎಂಬುದನ್ನು ಕಲಾಯಿ ಹಾಕುವವರು ಎಂದೋ ಅರಿತಿದ್ದರು. ಪಾತ್ರೆಯನ್ನು ಕಾಯಿಸಿ ನವಸಾಗರದ ಪುಡಿ ಉಜ್ಜಿದಾಗ ಬಿಳಿಯ ಹೊಗೆ ಏಳುತ್ತದೆ. ಶಾಖಕ್ಕೆ ಬಿಡುಗಡೆಯಾದ ಆಮ್ಲ ಲೋಹದ ಮೇಲಿನ ಆಕ್ಸೈಡನ್ನು ಕಿತ್ತೊಗೆಯುತ್ತದೆ. ಆಮೇಲಷ್ಟೇ ತವರ ಹರಿದು ಅಂಟುತ್ತದೆ. ಬಣ್ಣಕ್ಕೂ ಮೊದಲು ಬಳಿಯುವ, ಆಮ್ಲ ಬೆರೆತ ಇಂದಿನ ಎಚಿಂಗ್ ಪ್ರೈಮರಿನ ಮೊದಲ ಕೆಲಸವೂ ಇದೇ.

ರೈಲು, ಹಡಗುಗಳ ಪುಟ್ಟ ಮಾದರಿ ಮಾಡುವವರಿಗೂ ಈ ಪ್ರೈಮರ್ ಬೇಕು. ಅವರು ಬಳಸುವ ಹಿತ್ತಾಳೆ ಬಿಡಿಭಾಗಗಳು ಬಂದದ್ದು ಮುದ್ರಣದ ದಾರಿಯಿಂದ. ಬೆಳಕಿಗೆ ಗಟ್ಟಿಯಾಗುವ ಲೇಪದಿಂದ ಲೋಹದ ಮೇಲೆ ಚಿತ್ರ ಕೊರೆಯುವ ವಿಧಾನಕ್ಕೆ ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1852ರಲ್ಲಿ ಪೇಟೆಂಟ್ ಪಡೆದರು. 1858ರ ಸುಧಾರಿತ ವಿಧಾನದಲ್ಲಿ ಕೊರೆಯಲು ಫೆರಿಕ್ ಕ್ಲೋರೈಡ್ ಬಳಸಿದರು. ಆಫ್‌ಸೆಟ್ ಬರುವವರೆಗೆ ಕನ್ನಡ ಪತ್ರಿಕೆಗಳು ಚಿತ್ರ ಅಚ್ಚು ಹಾಕಲು ಮಾಡಿಸುತ್ತಿದ್ದ ಸತುವಿನ ‘ಬ್ಲಾಕ್’ಗಳು ಇದೇ ವಂಶದವು. ಎಲೆಕ್ಟ್ರಾನಿಕ್ ಸರ್ಕ್ಯೂಟ್ ಹಲಗೆಗಳಿಗಾಗಿ ಈ ವಿದ್ಯೆ ಇನ್ನಷ್ಟು ಸೂಕ್ಷ್ಮವಾಯಿತು, ಅಲ್ಲಿಂದ ರೈಲು, ಹಡಗು, ವಿಮಾನಗಳ ಮಾದರಿ ತಯಾರಕರ ಕೈಗೆ ಬಂತು. ತೆಳು ತಗಡಿನ ಎರಡೂ ಬದಿಗೆ ಲೇಪ ಹಚ್ಚಿ, ನಕ್ಷೆಯ ಮೂಲಕ ಬೆಳಕು ಹಾಯಿಸಿ, ಲೇಪದ ರಕ್ಷಣೆಯಿಲ್ಲದ ಭಾಗವನ್ನು ಫೆರಿಕ್ ಕ್ಲೋರೈಡಿಗೆ ತಿನ್ನಿಸಿದರೆ ಕಿಟಕಿಯ ಸರಳು, ಏಣಿ, ಹಿಡಿಕಂಬಿಗಳೆಲ್ಲ ಒಂದೇ ಹಾಳೆಯಲ್ಲಿ ಮೂಡುತ್ತವೆ. ಮಡಿಸಬೇಕಾದ ಗೆರೆಯನ್ನು ಒಂದೇ ಬದಿಯಿಂದ, ಅರ್ಧ ದಪ್ಪದಷ್ಟು ಮಾತ್ರ ಕೊರೆಯುತ್ತಾರೆ.

ಬಣ್ಣದ ಕಡೆಯ ಕಥೆ ಬೇರೆ. 1906ರಲ್ಲಿ ಥಾಮಸ್ ವಾಟ್ಸ್ ಕಾಸ್ಲೆಟ್ ಕಬ್ಬಿಣವನ್ನು ಫಾಸ್ಫಾರಿಕ್ ಆಮ್ಲದ ದ್ರಾವಣದಲ್ಲಿ ಸಂಸ್ಕರಿಸಿ ತುಕ್ಕು ತಡೆಯುವ ಪೇಟೆಂಟ್ ಪಡೆದರು. ಆದರೆ ಹಡಗನ್ನು ತೊಟ್ಟಿಯಲ್ಲಿ ಅದ್ದುವುದು ಹೇಗೆ? ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಇದಕ್ಕೆ ಉತ್ತರ ಸಿಕ್ಕಿತು. ಪಾಲಿವಿನೈಲ್ ಬ್ಯೂಟಿರಾಲ್ ಎಂಬ ರಾಳ, ಸತುವಿನ ಕ್ರೋಮೇಟ್ ಮತ್ತು ಫಾಸ್ಫಾರಿಕ್ ಆಮ್ಲ ಸೇರಿದ, ಸ್ಪ್ರೇ ಮಾಡಬಹುದಾದ ‘ವಾಶ್ ಪ್ರೈಮರ್’ ನೌಕಾಪಡೆಯ ಹಡಗುಗಳಿಗೆ ಬಂತು. ಆಮ್ಲ ಲೋಹವನ್ನು ಕೊಂಚ ತಿಂದು ಅದರೊಂದಿಗೆ ಬೆಸೆಯುತ್ತದೆ, ರಾಳ ಮೇಲಿನ ಬಣ್ಣವನ್ನು ಹಿಡಿದಿಡುತ್ತದೆ. ರಾಳದ ಭಾಗ ನಾಲ್ಕಕ್ಕೆ ಆಮ್ಲದ ಭಾಗ ಒಂದರಂತೆ ಬೆರೆಸಿ, 8 ಗಂಟೆಯೊಳಗೆ ಬಳಸಿ ಮುಗಿಸಬೇಕೆಂಬ ನಿಯಮ ಆಗಿನದು. ಒಣಗಿದ ಪದರ ಸುಮಾರು 8ರಿಂದ 13 ಮೈಕ್ರಾನ್ ಮಾತ್ರ.

ಹಡಗಿಗಾಗಿ ಹುಟ್ಟಿದ ಈ ತೆಳು ಪದರ ಪುಟ್ಟ ಮಾದರಿಗೆ ವರವಾಯಿತು. ಹುಬ್ಬಳ್ಳಿಯ ಬ್ರಾಡ್‌ಗೇಜ್ ಹಳಿಗಳ ನಡುವಿನ 1,676 ಮಿಲಿಮೀಟರ್ ಅಂತರ 87ರಲ್ಲಿ ಒಂದು ಪಾಲಿನ ಅಳತೆಯಲ್ಲಿ ಸುಮಾರು 19 ಮಿಲಿಮೀಟರ್. ಆ ಅಳತೆಯ ಬೋಗಿಯ ಮೇಲೆ 0.1 ಮಿಲಿಮೀಟರ್ ದಪ್ಪ ಬಣ್ಣ ಕೂತರೆ, ನಿಜವಾದ ಬೋಗಿಗೆ ಸುಮಾರು 9 ಮಿಲಿಮೀಟರ್ ಗಾರೆ ಮೆತ್ತಿದ ಲೆಕ್ಕ! ರಿವೆಟ್ಟಿನ ತಲೆಗಳೆಲ್ಲ ಮುಳುಗುತ್ತವೆ. 10 ಮೈಕ್ರಾನಿನ ಪ್ರೈಮರ್ ಅದೇ ಲೆಕ್ಕದಲ್ಲಿ ಒಂದು ಮಿಲಿಮೀಟರನ್ನೂ ಮುಟ್ಟುವುದಿಲ್ಲ.

ಆದರೂ ಹಿಡಿತದ ಅರ್ಧ ಪಾಲು ಪ್ರೈಮರಿಗೂ ಮುಂಚಿನ ಶುಚಿಯದು. ಕೊರೆದ ಹಾಳೆಯ ಚೌಕಟ್ಟಿನಿಂದ ಬಿಡಿಸಿದ ಭಾಗದ ಅಂಚಿನ ಮುಳ್ಳನ್ನು ಅರದಿಂದ ತೇಯಬೇಕು. ಬೆಸುಗೆ ಹತ್ತಲು ಹಚ್ಚಿದ ಫ್ಲಕ್ಸನ್ನು ಬೆಚ್ಚಗಿನ ಸೋಪುನೀರಿನಲ್ಲಿ ಹಳೆಯ ಬ್ರಷ್ಷಿನಿಂದ ಮೂಲೆಮೂಲೆಗೂ ತಿಕ್ಕಬೇಕು. ಒಂದು ಸಂದಿಯಲ್ಲಿ ಉಳಿದರೂ ತಿಂಗಳುಗಳ ನಂತರ ಬಣ್ಣದಡಿ ಕಿಲುಬು ಉಬ್ಬುತ್ತದೆ. ನುಣುಪು ಮುರಿಯುವಷ್ಟು ಮಾತ್ರ ನಯವಾದ ಎಮರಿ ಆಡಿಸಿ, ಅಸಿಟೋನಿನಿಂದ ಒರೆಸಿದ ಮೇಲೆ ಬರಿಗೈ ತಾಗಿಸಬಾರದು. ಮಳೆಗಾಲದ ತೇವದ ದಿನ ಸ್ಪ್ರೇ ಮಾಡಿದರೆ ಪದರ ಬೆಳ್ಳಗೆ ಮಂಕಾಗುವುದುಂಟು, ಒಣ ಹವೆಗೆ ಕಾಯುವುದೇ ಮೇಲು.

ಹಳೆಯ ವಾಶ್ ಪ್ರೈಮರಿನ ಕ್ರೋಮೇಟ್ ಕ್ಯಾನ್ಸರ್‌ಕಾರಕ. ಅದರ ಜಾಗಕ್ಕೆ ಸತುವಿನ ಫಾಸ್ಫೇಟ್ ಬಂದಿದೆಯಾದರೂ ಕ್ರೋಮೇಟಿನ ಡಬ್ಬಿಗಳು ಪೂರ್ತಿ ಮರೆಯಾಗಿಲ್ಲ. ಕೊಳ್ಳುವಾಗ ಡಬ್ಬಿಯ ಮೇಲೆ ಎರಡು ವಿಷಯ ಓದಿಕೊಳ್ಳಿ: ಕಬ್ಬಿಣವಲ್ಲದ ಲೋಹಗಳಿಗೂ ಆಗುತ್ತದೆಯೇ, ಕ್ರೋಮೇಟ್ ಇದೆಯೇ. ಕ್ರೋಮೇಟ್ ಇದ್ದರೆ ಮನೆಯೊಳಗೆ ತರಬೇಡಿ.