ಡಬ್ಬಿ ಸೂಪಿಗೆ ಮನೆಯ ಬದಲಿ

ಅಮೆರಿಕದ ಅಡುಗೆ ಪುಸ್ತಕಗಳಲ್ಲಿ 'ಅಣಬೆಯ ಕ್ರೀಮ್ ಸೂಪ್, ಒಂದು ಡಬ್ಬಿ' ಎಂಬ ಸಾಲು ಮತ್ತೆ ಮತ್ತೆ ಎದುರಾಗುತ್ತದೆ. ಕ್ಯಾಂಪ್‌ಬೆಲ್ ಕಂಪನಿ 1934ರಲ್ಲಿ ಹೊರತಂದ ಈ ಗಟ್ಟಿ ಸೂಪನ್ನು ಅಲ್ಲಿ ಕುಡಿಯಲಷ್ಟೇ ಅಲ್ಲ, ತರಕಾರಿಗೆ ಬೆರೆಸಿ ಓವನ್‌ನಲ್ಲಿ ಬೇಯಿಸಲೂ ಬಳಸುತ್ತಾರೆ. ಅದೇ ಕಂಪನಿಯಲ್ಲಿದ್ದ ಡಾರ್ಕಸ್ ರೈಲಿ 1955ರಲ್ಲಿ ರೂಪಿಸಿದ ಬೀನ್ಸ್ ಖಾದ್ಯ ಇದಕ್ಕೆ ಪ್ರಸಿದ್ಧ ಉದಾಹರಣೆ. ಡಬ್ಬಿ ಸಿಗದಿದ್ದರೆ?

ಆ ಸೂಪಿನ ಗಟ್ಟಿತನಕ್ಕೆ ಮುಖ್ಯ ಕಾರಣ ಪಿಷ್ಟ. ಮೈದಾ ಹಿಟ್ಟಿನ ಪಿಷ್ಟದ ಕಣಗಳು ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದಾಗ ನೀರು ಹೀರಿ ಉಬ್ಬತೊಡಗುತ್ತವೆ. ಕುದಿಯುವ ಹಾಲಿಗೆ ಒಣ ಹಿಟ್ಟನ್ನೇ ಸುರಿದಿರೋ, ಉಂಡೆಯ ಹೊರಪದರ ಮೊದಲು ಅಂಟಾಗಿ ಒಳಗಿನ ಹಿಟ್ಟಿಗೆ ನೀರು ತಾಗಗೊಡುವುದಿಲ್ಲ. ಅದೇ ಗಂಟು. ಅಂಬಲಿಗೆ ರಾಗಿ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡುವುದೂ ಇದಕ್ಕಾಗಿಯೇ. ಇಲ್ಲಿ ಕಣಗಳನ್ನು ಬಿಡಿಬಿಡಿಯಾಗಿಡುವ ಕೆಲಸ ಬೆಣ್ಣೆಯದು.

ಮೂರು ದೊಡ್ಡ ಚಮಚ ಬೆಣ್ಣೆ ಕರಗಿಸಿ, ಹೆಚ್ಚಿದ ಅಣಬೆಯನ್ನು ಅದರ ನೀರು ಆರುವವರೆಗೆ ಬಾಡಿಸಿ. ಮೂರು ದೊಡ್ಡ ಚಮಚ ಮೈದಾ ಹಾಕಿ, ಸಣ್ಣ ಉರಿಯಲ್ಲಿ ಬಣ್ಣ ಕೆಡದಂತೆ ಎರಡು ನಿಮಿಷ ಹುರಿಯಿರಿ. ಅರ್ಧ ಬಟ್ಟಲು ತರಕಾರಿ ಬೇಯಿಸಿದ ನೀರು, ಅರ್ಧ ಬಟ್ಟಲು ಹಾಲು ಸೇರಿಸಿ, ಸ್ವಲ್ಪಸ್ವಲ್ಪವೇ ಹಾಕುತ್ತ ಕೈಬಿಡದೆ ಕಲಕಿ. (ಒಮ್ಮೆ ಚಿತ್ರೀಕರಣದ ಅವಸರದಲ್ಲಿ ಎಲ್ಲವನ್ನೂ ಒಟ್ಟಿಗೆ ಸುರಿಸಿದವನು ನಾನೇ, ಕ್ಯಾಮೆರಾ ಗಂಟುಗಳನ್ನೇ ತೋರಿಸಿತು.) ಕುದಿ ಬಂದು ಗಟ್ಟಿಯಾದ ಮೇಲೆ ಉಪ್ಪು, ಮೆಣಸಿನ ಪುಡಿ ಹಾಕಿದರೆ ಸುಮಾರು ಒಂದು ಡಬ್ಬಿಯಷ್ಟಾಯಿತು.

ಒಂದು ಎಚ್ಚರಿಕೆ. ಕಾರ್ಖಾನೆಯಲ್ಲಿ ಡಬ್ಬಿಯನ್ನು ಗಾಳಿಯಾಡದಂತೆ ಮುಚ್ಚಿದ ಮೇಲೆ ಅಧಿಕ ಉಷ್ಣದಲ್ಲಿ ಕಾಯಿಸುತ್ತಾರೆ. ಆದ್ದರಿಂದಲೇ ಅದು ಬಹುಕಾಲ ಕೆಡದು. ನಮ್ಮದಕ್ಕೆ ಆ ರಕ್ಷಣೆಯಿಲ್ಲ. ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ಬಳಸಿಬಿಡಿ.